ಸೋಮವಾರದ ಭಜನೆಗೆ ಚರಿತ್ರೆ ಬರೆದದ್ದು

೨೦೨೩ನೆಯ ಇಸವಿ. ನನಗಾಗ ಐವತ್ತೆರಡು ವರ್ಷ. ಶಾಲೆಯ ಕೆಲಸ ಬಿಟ್ಟು ರಾಯಚೂರಿನ ಬಾನುಲಿ ಕೇಂದ್ರದಲ್ಲಿ ಬರಹ ತಿದ್ದುವವನಾಗಿ ಕುಳಿತಿದ್ದೆ. ಉದ್ಘೋಷಕರ ಹಾಳೆಗಳಲ್ಲಿ ದಾರಿ ತಪ್ಪಿದ ಹಕಾರಗಳನ್ನು ಹಿಡಿದು ತಂದು ಅವುಗಳ ಸ್ಥಾನದಲ್ಲಿ ಕೂಡಿಸುವುದು ನನ್ನ ನಿತ್ಯದ ಕರ್ತವ್ಯ. ಮೇ ತಿಂಗಳ ಒಂದು ಮಧ್ಯಾಹ್ನ ಕೇಂದ್ರದ ಮುಖ್ಯಸ್ಥರು ನನ್ನನ್ನು ಕರೆಸಿದರು. ಅವರು ಮೈಸೂರು ಕಡೆಯವರು. ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ಮೇಷ್ಟ್ರೇ, ಈ ಸೋಮವಾರದ ಭಜನೆ ಯಾವಾಗ ಶುರುವಾಯ್ತು ಅಂತ ಯಾರನ್ನ ಕೇಳಿದ್ರೂ 'ನಾನು ಬರೋಕೆ ಮುಂಚೆಯಿಂದ ಇದೆ' ಅಂತಾರಲ್ರೀ. ಇದರ ಚರಿತ್ರೆ ನೀವು ಬರೀಬೇಕು. ಒಂದು ಗಂಟೆಯ ಕಾರ್ಯಕ್ರಮ ಮಾಡೋಣ."

ಸೋಮವಾರದ ಭಜನೆ ಎಂದರೆ ಬೆಳಿಗ್ಗೆ ಆರೂವರೆಯಿಂದ ಇಪ್ಪತ್ತೊಂಬತ್ತು ನಿಮಿಷ ಪ್ರಸಾರವಾಗುವ ತತ್ವಪದಗಳ ಹಾಡುಗಾರಿಕೆ. ಹಾಡುವವರು ದೇವದುರ್ಗ ತಾಲೂಕಿನ ಗಬ್ಬೂರಿನ ಒಂದು ಮಂಡಳಿ: ಏಕತಾರಿ ಹಿಡಿದ ಮುಂದಾಳು ಒಬ್ಬರು, ಹಾರ್ಮೋನಿಯಂ, ತಬಲಾ, ತಾಳಗಳೊಡನೆ ಹಿಂದೆ ಏಳು ಜನ. ಮುಂದಾಳು ಒಂದು ಸಾಲು ಎತ್ತುತ್ತಾರೆ, ಏಳು ಜನ ಅದನ್ನು ಹಿಂದಿರುಗಿಸುತ್ತಾರೆ. ಮೊದಲು ಬೇರೆ ಜಿಲ್ಲೆಯ ದೊಡ್ಡ ಕೇಂದ್ರವೊಂದರಿಂದ ಬರುತ್ತಿದ್ದ ಈ ಕಾರ್ಯಕ್ರಮ, ರಾಯಚೂರಿನಲ್ಲಿ ಕೇಂದ್ರವಾದ ಮೇಲೆ ಇಲ್ಲಿಗೆ ಬಂದಿತ್ತು. ಯಾಪಲದಿನ್ನಿಯ ಕಡೆ ಹೈನದವರು ಅದರ ಮೊದಲ ಪದಕ್ಕೆ ಕೊಟ್ಟಿಗೆಗೆ ಹೋಗಿ ಮೂರನೆಯ ಪದಕ್ಕೆ ಹಾಲಿನ ಕ್ಯಾನು ಮುಚ್ಚುತ್ತಾರೆಂದು ನಾನೇ ಕಂಡು ಬಲ್ಲೆ.

ನಿಜ ಶ್ರಾವಣದ ಮೊದಲ ಸೋಮವಾರ ವಿಶೇಷ ಕಾರ್ಯಕ್ರಮ, ಅದರ ಕೊನೆಗೆ ಮುಂದಾಳಿಗೆ ಸನ್ಮಾನ ಎಂದು ನಿಶ್ಚಯವಾಯಿತು. ಆ ವರ್ಷ ಅಧಿಕ ಶ್ರಾವಣ ಬಂದಿದ್ದರಿಂದ ನನಗೆ ಒಂದು ತಿಂಗಳು ಹೆಚ್ಚಿಗೆ ದೊರೆಯಿತು. ಕ್ರಮವಾಗಿ ಕೆಲಸ ಮಾಡುವವನಿಗೆ ಅಷ್ಟು ಕಾಲ ಸಾಕು ಎಂದುಕೊಂಡೆ.

ಮಂಡಳಿಯವರನ್ನು ಕೊನೆಗೆ ಕಂಡರಾಯಿತೆಂದು ದಾಖಲೆಗಳಿಂದ ಆರಂಭಿಸಿದೆ. ಪ್ರಸಾರದ ದಿನಚರಿ ಪುಸ್ತಕಗಳಲ್ಲಿ ಹಳೆಯವನ್ನು ನಿಯಮದಂತೆ ವಿಲೇವಾರಿ ಮಾಡಿದ್ದರು. ಉಳಿದವುಗಳಲ್ಲಿ ಪ್ರತಿ ಸೋಮವಾರದ ಎದುರು ಒಂದೇ ಸಾಲು: "ಭಜನೆ, ಗಬ್ಬೂರು, ೨೯ ನಿ." ಏನು ಹಾಡಿದರು, ಯಾರು ಹಾಡಿದರು ಎಂಬುದಿಲ್ಲ. ಧ್ವನಿಸುರುಳಿಗಳ ಕಪಾಟಿನಲ್ಲಿ ಆ ಕಾರ್ಯಕ್ರಮದ್ದು ಒಂದೂ ಇರಲಿಲ್ಲ. ಸುರುಳಿಗಳು ತುಟ್ಟಿಯಾಗಿದ್ದ ಕಾಲದಲ್ಲಿ ಪ್ರಸಾರವಾದದ್ದನ್ನು ಅಳಿಸಿ, ಅದೇ ಸುರುಳಿಯ ಮೇಲೆ ಮುಂದಿನದನ್ನು ಮುದ್ರಿಸುವುದು ಎಲ್ಲೆಡೆಯ ರೂಢಿ. ಅಂದರೆ ಪ್ರತಿಯೊಂದು ಸೋಮವಾರವೂ ತನ್ನ ಹಿಂದಿನ ಸೋಮವಾರವನ್ನು ಅಳಿಸಿಕೊಂಡೇ ಬಂದಿತ್ತು. ಮೂರು ವಾರ ಧೂಳು ಕುಡಿದು ನಾನು ಸಂಪಾದಿಸಿದ್ದು ಇಷ್ಟೇ.

ಜೂನ್ ಕೊನೆಯಲ್ಲಿ, ಹಳೆಯ ಕೇಂದ್ರದಿಂದ ಕಾರ್ಯಕ್ರಮದೊಡನೆ ಬಂದಿದ್ದ ಒಪ್ಪಂದಪತ್ರಗಳ ಕಡತ ಸಿಕ್ಕಿತು. ಮೊದಲ ಪತ್ರ ೧೯೮೧ರದು. ಅಂದಿನಿಂದ ಇಂದಿನವರೆಗೆ, ನಡುವೆ ಕೆಲವು ವರ್ಷಗಳವು ಕಳೆದುಹೋಗಿದ್ದರೂ, ಮುಂದಾಳು ಎಂಬ ಖಾನೆಯಲ್ಲಿ ಒಂದೇ ಹೆಸರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಲವತ್ತೆರಡು ವರ್ಷ ಒಬ್ಬನೇ ಮನುಷ್ಯ! ಈಗಿನ ಮುಂದಾಳಿಗೆ ಎಪ್ಪತ್ತರ ಆಸುಪಾಸು ಎಂದು ಗೊತ್ತಿತ್ತು. ಆಗ ಇಪ್ಪತ್ತೆಂಟಿರಬಹುದು, ಲೆಕ್ಕ ಸರಿಹೊಂದುತ್ತಿತ್ತು. ಇನ್ನೊಂದನ್ನೂ ಗಮನಿಸಿದೆ. ೧೯೯೨ರವರೆಗೆ ಹೆಸರಿನ ಎದುರು ಹೆಬ್ಬೆಟ್ಟಿನ ಗುರುತು. ಆಮೇಲೆ ಸಹಿ, ತಡವರಿಸಿದ ಅಕ್ಷರಗಳಲ್ಲಿ. ೨೦೦೯ರಿಂದ ಈಚೆಗೆ ಅದೇ ಸಹಿ ದುಂಡಗೆ, ತಲೆಕಟ್ಟುಗಳು ಒಂದೇ ಸಾಲಿನಲ್ಲಿ.

ನನ್ನ ಹೃದಯ ತುಂಬಿ ಬಂತು. ಸಾಕ್ಷರತಾ ಆಂದೋಲನದ ದಿನಗಳಲ್ಲಿ ಅಕ್ಷರ ಕಲಿತ ಒಬ್ಬ ರೈತ, ಹಾಡುತ್ತ ಹಾಡುತ್ತ ಬರವಣಿಗೆಯನ್ನು ತಿದ್ದಿಕೊಂಡ ಪರಿಯನ್ನು ಕುರಿತು ಒಂದು ಇಡೀ ಪುಟ ಬರೆದೆ. ಅಷ್ಟು ಚೆನ್ನಾಗಿ ನಾನು ಬೇರೇನನ್ನೂ ಬರೆದಿರಲಿಲ್ಲ. ಮುಖ್ಯಸ್ಥರು ಅದನ್ನು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮರುದಿನದಿಂದಲೇ "ನಲವತ್ತೆರಡು ವರ್ಷ, ಒಂದೇ ಕಂಠ" ಎಂಬ ಪ್ರಕಟಣೆ ದಿನಕ್ಕೆ ನಾಲ್ಕು ಬಾರಿ ಪ್ರಸಾರವಾಗತೊಡಗಿತು.

ಕಾರ್ಯಕ್ರಮಕ್ಕೆ ಹಳೆಯ ಧ್ವನಿಯ ತುಣುಕುಗಳು ಬೇಕಾಗಿದ್ದವು. ಕೇಳುಗರಲ್ಲಿ ಯಾರಾದರೂ ಮುದ್ರಿಸಿಟ್ಟುಕೊಂಡಿದ್ದರೆ ತಿಳಿಸಿರೆಂದು ಕೋರಿದೆವು. ಮಾನ್ವಿಯಿಂದ ಒಬ್ಬರು ಫೋನು ಮಾಡಿದರು. ಮನೆಯ ಮುಂಭಾಗದಲ್ಲೇ ರೇಡಿಯೋ, ಟೇಪ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದವರು. ಈಗ ರಿಪೇರಿಗೆ ಬರುವ ರೇಡಿಯೋಗಳಿಲ್ಲದೆ ಮಿಕ್ಸಿ, ಫ್ಯಾನು ನೋಡುತ್ತಿದ್ದಾರೆ. ನಾನು ಹೋದಾಗ ಒಂದು ಟ್ರಂಕನ್ನು ಹೊರಗೆ ಎಳೆದಿಟ್ಟಿದ್ದರು. ಒಳಗೆ ನೂರಹದಿನಾಲ್ಕು ಕ್ಯಾಸೆಟ್ಟುಗಳು.

"ಸೋಮವಾರ ಮುಂಜಾನಿ ನಮ್ಮ ಕೆಲಸ ಶುರು ಆಗೋದ ಈ ಭಜನೀಲೆ ಸರ್," ಎಂದರು. "ರಿಪೇರಿ ಆದ ಮಶೀನ್ ಚೆಕ್ ಮಾಡಾಕ ಮಾತು ನಡ್ಯಂಗಿಲ್ರಿ, ಹಾಡು ಬೇಕು. ತಾಳ ಖಣ್ ಅಂದ್ರ ಮಶೀನ್ ಠೀಕ್. ಥಪ್ ಅಂದ್ರ ಹೆಡ್ ಖರಾಬ್. ಹಂಗ ಹಿಡಕೋತ ಹಿಡಕೋತ ಇಷ್ಟಾದ್ವು."

ಒಳಗಿನಿಂದ ಅವರ ಮನೆಯವರು ದಖ್ಖನಿಯಲ್ಲಿ ಏನೋ ಕೂಗಿದರು. ಅವರು ನಕ್ಕು ನನಗೆ ಕನ್ನಡದಲ್ಲಿ ಒಪ್ಪಿಸಿದರು: "ಟ್ರಂಕ್‌ನೂ ತೊಗೊಂಡು ಹೋಗಂತ ಹೇಳ್ರಿ, ಮೂವತ್ತು ವರ್ಷದಿಂದ ಕಾಲಿಗೆ ಬಡ್ಯಾಕತ್ತದ ಅಂತಾಳ್ರಿ."

ಪ್ರತಿ ಕ್ಯಾಸೆಟ್ಟಿನ ಮೇಲೂ ತಾರೀಖು ಇತ್ತು, ಉರ್ದು ಅಂಕಿಗಳಲ್ಲಿ. ಅವರಿಂದ ಅಂಕಿಗಳನ್ನು ಬರೆಸಿಕೊಂಡು ತಂದು ಮೇಜಿನ ಮೇಲೆ ಅಂಟಿಸಿಕೊಂಡೆ. ಆದರೂ ಎರಡು ಮತ್ತು ಆರು ನನಗೆ ಅದಲುಬದಲಾಗುತ್ತಿದ್ದವು. ಕ್ಯಾಸೆಟ್ಟುಗಳ ಸ್ಥಿತಿ ಇನ್ನೂ ಕಷ್ಟದ್ದಾಗಿತ್ತು. ಟೇಪನ್ನು ಯಂತ್ರದ ದನಿ ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಉಣ್ಣೆಯ ಪುಟ್ಟ ಮೆತ್ತೆ ಬಹುತೇಕವುಗಳಲ್ಲಿ ಕಳಚಿ ಬಿದ್ದಿತ್ತು. ಒಂದೊಂದರ ಐದು ತಿರುಪು ಬಿಚ್ಚಿ, ಹೊಸ ಮೆತ್ತೆ ಅಂಟಿಸಿ, ಒಣಗಿಸಿ, ಮತ್ತೆ ಮುಚ್ಚಬೇಕು. ಒಂದು ಕ್ಯಾಸೆಟ್ಟು ಓಡಿದ ಮೇಲೆ ಹೆಡ್ಡನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಬೇಕು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಕಂಪ್ಯೂಟರಿಗೆ ಇಳಿಸಲಾಗಲಿಲ್ಲ. ಅವುಗಳಲ್ಲಿ ಒಂದು ಹೇಗೂ ತುಂಡಾಗುತ್ತಿತ್ತು.

ಇಳಿಸಿದ್ದು ಕೇಳಿದರೆ ಒಂದರಲ್ಲಿ ಮುಂದಾಳಿನ ಕೊರಳು ದಪ್ಪ, ಮತ್ತೊಂದರಲ್ಲಿ ಸಣ್ಣ. ಅಷ್ಟೊಂದು ಬೇರೆ ಬೇರೆ ಯಂತ್ರಗಳ ಮೇಲೆ ಮುದ್ರಿಸಿದ್ದರಿಂದ ವೇಗ ಹೆಚ್ಚುಕಡಿಮೆಯಾಗಿದೆ ಎಂದು ತಿಳಿದೆ. ಸರಿಪಡಿಸಲು ಒಂದು ಅಳತೆಗೋಲು ಬೇಕಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಅದು ಕ್ಯಾಸೆಟ್ಟಿನ ತುದಿಯಲ್ಲೇ ಇರುವುದು ಹೊಳೆಯಿತು. ಭಜನೆ ಮುಗಿದೊಡನೆ ಏಳು ಗಂಟೆಯ ಸಮಯಸೂಚಕ ಪಿಪ್ ಸದ್ದು ಬರುತ್ತದೆ. ರಿಪೇರಿಯವರು ಅದನ್ನೂ ಬಿಡದೆ ಹಿಡಿದಿದ್ದರು. ಪಿಪ್ಪಿನ ಸ್ಥಾಯಿ ಎಂದಿಗೂ ಬದಲಾಗುವುದಿಲ್ಲ. ಪ್ರತಿಯೊಂದು ಮುದ್ರಣದ ಪಿಪ್ಪನ್ನೂ ಇಂದಿನ ಪಿಪ್ಪಿಗೆ ಹೊಂದಿಸಿದರೆ ಹಾಡಿನ ವೇಗವೂ ತಾನಾಗಿ ಸರಿಯಾಗುತ್ತದೆ.

ಹೊಂದಿಸಿದೆ. ಆಗ ಕಂಡದ್ದು ನನ್ನ ನೆಮ್ಮದಿಯನ್ನು ಕೆಡಿಸಿತು. ೧೯೯೨ರ ಬೇಸಿಗೆಯವರೆಗೆ ಮುಂದಾಳಿನ ಶ್ರುತಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದು. ಅದೇ ವರ್ಷದ ದೀಪಾವಳಿಯ ಹೊತ್ತಿಗೆ ನಾಲ್ಕು ಮನೆ ಮೇಲೇರಿ ಬಿಳಿ ನಾಲ್ಕು. ೨೦೦೯ರ ನಂತರ ಎರಡು ಮನೆ ಇಳಿದು ಕಪ್ಪು ಎರಡು. ವಯಸ್ಸಾದಂತೆ ಕೊರಳು ಇಳಿಯುವುದುಂಟು. ನಲವತ್ತರ ಅಂಚಿನಲ್ಲಿ ಆರು ತಿಂಗಳೊಳಗೆ ಅಷ್ಟು ಮನೆ ಏರುವುದನ್ನು ನಾನು ಕೇಳಿಲ್ಲ. ಮೊದಲು ನನ್ನ ಎರಡು ಮತ್ತು ಆರರ ಮೇಲೆ ಸಂಶಯಪಟ್ಟು ತಾರೀಖುಗಳನ್ನೆಲ್ಲ ಮತ್ತೆ ಓದಿದೆ. ಅವು ಸರಿಯಾಗಿಯೇ ಇದ್ದವು. ಆಮೇಲೆ ಒಪ್ಪಂದಪತ್ರಗಳ ಕಡತವನ್ನು ತೆರೆದೆ. ಹೆಬ್ಬೆಟ್ಟು ೧೯೯೨ರವರೆಗೆ. ದುಂಡು ಸಹಿ ೨೦೦೯ರಿಂದ.

ಮಾನ್ವಿಗೆ ಫೋನು ಮಾಡಿದೆ. ಆ ಕಡೆ ಮಿಕ್ಸಿ ತಿರುಗುತ್ತಿದ್ದ ಸದ್ದು ನಿಂತಿತು.

"ಮೂರು ಆವಾಜ್ ಅದಾವಲ್ರೀ ಸರ್. ಮೂರು ಮಂದಿ. ನಿಮಗ ಗೊತ್ತಿಲ್ಲೇನು?" ಅವರಿಗೆ ನಗು ತಡೆಯಲಾಗಲಿಲ್ಲ. "ರೇಡಿಯೋದಾಗ ದಿನಾ 'ಒಂದೇ ಕಂಠ, ಒಂದೇ ಕಂಠ' ಅಂತ ಹೇಳಾಕತ್ತೀರಿ. ಏನೋ ದೊಡ್ಡ ಮಾತು ಇರ್ಬೇಕು, ತತ್ವದ್ದು, ನಮಗ ತಿಳಿಯಂಗಿಲ್ಲ ಅಂತ ಸುಮ್ನಿದ್ದೆ."

ಮರುದಿನ ಗಬ್ಬೂರಿನ ಬಸ್ಸು ಹತ್ತಿದೆ. ಮಂಡಳಿಯವರು ಕೂಡುವ ಪಡಸಾಲೆಯಲ್ಲಿ ಮುಂದಾಳು ಏಕತಾರಿಯ ತಂತಿ ಬದಲಿಸುತ್ತಿದ್ದರು. ತಾಳದವರೂ ಇದ್ದರು. ನಾನು ಪೀಠಿಕೆಯಿಲ್ಲದೆ ಕೇಳಿದೆ: "೧೯೮೧ರಲ್ಲಿ ನೀವು ಮೊದಲು ಹಾಡಿದ ಪದ ಯಾವುದು?"

"ಎಂಬತ್ತೊಂದರಾಗ? ನಾ ಎಲ್ಲಿ ಹಾಡ್ಲಿ ಮಾಸ್ತರ್ರ. ನಾ ಆವಾಗ ಹಿಂದ ಕುಂತು ತಾಳ ಬಡೀತಿದ್ನಿ."

"ಹಾಗಾದರೆ ಹಾಡಿದವರು?"

ಅವರು ಒಂದು ಹೆಸರು ಹೇಳಿದರು. ಒಪ್ಪಂದದಲ್ಲಿರುವ ಹೆಸರೇ ಅದು.

"ಅದು ನಿಮ್ಮ ಹೆಸರಲ್ಲವೇ?"

"ಏಕತಾರಿ ಹಿಡಿದಾಗ ನಂದು. ಕೆಳಗಿಟ್ಟಾಗ ನನ್ನ ಹೆಸರು ಬ್ಯಾರೆ ಅದರಿ, ರೇಷನ್ ಕಾರ್ಡಿನಾಗಿಂದು."

ಅವರು ಮುಚ್ಚಿಡಲೂ ಇಲ್ಲ, ನಾಚಲೂ ಇಲ್ಲ. ಮಂಡಳಿಯ ಮೊದಲ ಮುಂದಾಳು ಹಾಸಿಗೆ ಹಿಡಿದಾಗ ಏಕತಾರಿಯನ್ನು ಎರಡನೆಯವರ ಕೈಗೆ ಕೊಟ್ಟರು. ಎರಡನೆಯವರು ಇವರಿಗೆ ಕೊಟ್ಟರು. ಕೈಯಿಂದ ಕೈಗೆ ಏಕತಾರಿ ಬಂದವನು ಆ ಆಸನದಲ್ಲಿ ಕೂಡುತ್ತಾನೆ, ಕೂತಷ್ಟು ಹೊತ್ತು ಮೊದಲನೆಯವರ ಹೆಸರಿನಿಂದಲೇ ಕರೆಸಿಕೊಳ್ಳುತ್ತಾನೆ. ಹಾಡುವಾಗ ಸ್ವಂತ ಹೆಸರು ತರಬಾರದು ಎಂಬುದು ಆ ಮಂಡಳಿಯ ನಡೆ. ಬಾನುಲಿಯಿಂದ ಒಪ್ಪಂದ ಬಂದಾಗ ಆಸನದಲ್ಲಿ ಇದ್ದವರು ಸಹಿ ಮಾಡಿದರು. ಸಂಭಾವನೆ ಮಂಡಳಿಯ ಹೆಸರಿಗೆ ಬರುತ್ತಿದ್ದುದರಿಂದ ಯಾರಿಗೂ ಪ್ರಶ್ನೆ ಏಳಲಿಲ್ಲ. ಕೇಂದ್ರದಲ್ಲಿ ಅವರ ಮುಖ ಗುರುತು ಹತ್ತುವಷ್ಟರಲ್ಲಿ ಅಧಿಕಾರಿಗಳಿಗೆ ವರ್ಗವಾಗುತ್ತಿತ್ತು.

"ಮತ್ತೆ ಆ ಹೆಬ್ಬೆಟ್ಟು?" ಎಂದೆ.

"ಮೊದ್ಲಿನವ್ರದ್ರಿ. ಅವ್ರು ಸಾಯೋತನಕ ಅಕ್ಷರ ಮುಟ್ಟಲಿಲ್ಲ. ಎರಡನೇಯವ್ರು ಏಳನೇತ್ತ ಪಾಸ್. ನಾ ಹತ್ತನೇತ್ತ ಫೇಲ್."

ನನ್ನ ಸಾಕ್ಷರತೆಯ ಪುಟ ಅಲ್ಲಿಗೆ ಮುಗಿಯಿತು.

ನಾನು ಸಿಟ್ಟಾದೆನೆಂದು ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ಹಾಜರಿ ಕರೆಯುವಾಗ ಒಬ್ಬನ ಹೆಸರಿಗೆ ಮತ್ತೊಬ್ಬ ಓಗೊಟ್ಟರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ಇದೂ ಅದೇ ಅಪರಾಧ ಎಂದೆ.

"ನಿಲ್ಲಸ್ರಿ ಮಾಸ್ತರ್ರ," ಎಂದರು ತಾಳದವರು. "ಬೆಂಚ್ ಅಷ್ಟ ಗಟ್ಟಿ ಇರ್ಲಿ. ಎಂಟು ಮಂದಿ ಅದೀವಿ, ಅದರಾಗ ತಬಲಾದಾಂವ ಭಾಳ ದಪ್ಪ ಅದಾನ."

ಒಪ್ಪಂದಪತ್ರದ ಹಿಂಬದಿಯ ಷರತ್ತನ್ನು ಅವರಿಗೆ ಓದಿ ಹೇಳಿದೆ. ಮುಂದಾಳು ಬದಲಾದರೆ ಮಂಡಳಿ ಹೊಸದಾಗಿ ಧ್ವನಿಪರೀಕ್ಷೆಗೆ ಒಳಪಡಬೇಕು. ಅನುಮೋದನೆ ಬರುವವರೆಗೆ ಪ್ರಸಾರವಿಲ್ಲ. ತಿರಸ್ಕೃತವಾದರೆ ಆರು ತಿಂಗಳು ಮತ್ತೆ ಕೇಳುವಂತಿಲ್ಲ. ಮುಂದಾಳು ತಂತಿಯನ್ನು ಬಿಗಿ ಮಾಡುವುದನ್ನು ನಿಲ್ಲಿಸಿದರು.

"ಹೆಸರು ಯಾರ್ದರ ಇರ್ಲಿ ಯಪ್ಪಾ. ಸೋಮವಾರ ತಪ್ಪಸಬ್ಯಾಡ್ರಿ. ಮೊದ್ಲಿನವ್ರು ತಪ್ಪಸಲಿಲ್ಲ, ಎರಡನೇಯವ್ರು ತಪ್ಪಸಲಿಲ್ಲ. ನನ್ನ ಕೈಯಾಗ ಬಂದು ತಪ್ಪಿತು ಅಂದ್ರ ನಾ ಈ ಏಕತಾರಿ ಯಾರ ಕೈಗೆ ಹೆಂಗ ಕೊಡ್ಲಿ?"

ಬರುವಾಗ ಒಂದು ಉಪಾಯ ಹೂಡಿದೆ. ಚರಿತ್ರೆಯಲ್ಲಿ ಯಾರ ಹೆಸರನ್ನೂ ಬರೆಯದೆ "ಗಬ್ಬೂರಿನ ಮಂಡಳಿ" ಎಂದಷ್ಟೇ ಬರೆದರೆ ಸುಳ್ಳೂ ಆಗದು, ಸೋಮವಾರವೂ ಉಳಿಯುತ್ತದೆ. ವಾಕ್ಯಗಳನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ಕರ್ತೃವೇ ಬೇಕಾಗುವುದಿಲ್ಲ. ಎರಡು ದಿನ ಕುಳಿತು ಹಾಗೆ ತಿದ್ದಿಯೂ ಬಿಟ್ಟೆ.

ಒಂದು ಕೆಲಸ ಬಾಕಿಯಿತ್ತು. ಎರಡನೆಯ ಮುಂದಾಳಿನ ಮಗಳನ್ನು ಮಾನ್ವಿ ತಾಲೂಕಿನ ಬಾಗಲವಾಡಕ್ಕೆ ಕೊಟ್ಟಿದ್ದರು. ಅವರ ತಂದೆ ಯಾವ ವರ್ಷ ತೀರಿಕೊಂಡರೆಂದು ಕೇಳಿ ಖಚಿತಪಡಿಸಿಕೊಂಡರೆ ನನ್ನ ಟಿಪ್ಪಣಿ ಪೂರ್ಣವಾಗುತ್ತಿತ್ತು. ಆಕೆ ಅಲ್ಲಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ನಾನು ಹೋದಾಗ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸದೆ ಮಾತನಾಡಿದರು.

"ಎರಡು ಸಾವಿರದ ಒಂಬತ್ತರಾಗ್ರಿ, ಒಂದು ಶನಿವಾರ. ಸೋಮವಾರ ಮುಂಜಾನಿ ರೇಡಿಯೋದಾಗ ನಮ್ಮಪ್ಪನ ಹಾಡ ಬಂತು, ಮೊದ್ಲ ಹಿಡಿದಿಟ್ಟಿದ್ದು. ಮನಿ ತುಂಬ ಮಂದಿ ಕುಂತಿದ್ರು. 'ಹಾಡಿದವರು' ಅಂತ ಹೇಳಿ ಆ ಹೆಸರು ಹೇಳಿದ್ರು. ನಮ್ಮವ್ವ ಗ್ವಾಡಿಗೆ ಆನಕೊಂಡು ಕುಂತಾಕಿ, ಇವತ್ತರ ಅವನ ಹೆಸರು ಹೇಳಬೇಕಿತ್ತು ಅಂದ್ಲು."

ಅವರು ಒಂದು ಕಲ್ಲನ್ನು ಆರಿಸಿ ಎಸೆದರು.

"ಮಂಡಳಿಯವರ ಮ್ಯಾಲ ನನಗ ಸಿಟ್ಟಿಲ್ರಿ. ಅದು ಅವರ ಪದ್ಧತಿ, ನಮ್ಮಪ್ಪನೂ ಒಪ್ಪಿದ್ದ. ಆದ್ರ ನೀವು ಚರಿತ್ರಿ ಬರೀತೀನಿ ಅಂತ ಬಂದೀರಿ. ಹದಿನೇಳು ವರ್ಷ ಹಾಡ್ಯಾನ. ಒಮ್ಮೆರ ಹೇಳಸ್ರಿ, ಸರ."

ಕವಿತಾಳದ ರಸ್ತೆಯ ಬಸ್ಸಿಗೆ ಕಾಯುತ್ತ ನನ್ನ ಚೀಲದಲ್ಲಿದ್ದ ಕರ್ತೃವಿಲ್ಲದ ನಲವತ್ತೊಂದು ಪುಟಗಳನ್ನು ತೆಗೆದು ನೋಡಿದೆ. ವ್ಯಾಕರಣದಲ್ಲಿ ಒಂದೂ ದೋಷವಿರಲಿಲ್ಲ. ಅವುಗಳಲ್ಲಿ ಯಾರೂ ಹಾಡುತ್ತಿರಲಿಲ್ಲ. ಅಂದೇ ನಿರ್ಧರಿಸಿದೆ: ಮೂವರ ಹೆಸರೂ ಬರಬೇಕು, ಅದಕ್ಕಾಗಿ ಧ್ವನಿಪರೀಕ್ಷೆ ಆಗುವುದಾದರೆ ಆಗಲಿ. ಗಬ್ಬೂರಿಗೆ ಹೋಗಿ, ಬಾಗಲವಾಡದಿಂದ ಬಂದೆನೆಂದೂ ಹೀಗೆ ನಿರ್ಧರಿಸಿದೆನೆಂದೂ ಮೊದಲು ಅವರಿಗೆ ತಿಳಿಸಿದೆ. ಮುಂದಾಳು, "ಆಕಿ ಕೇಳಿದ್ಲೇನು?" ಎಂದರು. ಹೌದು ಎಂದೆ. "ಆಕಿ ಕೇಳಿದ್ರ ಇಲ್ಲ ಅನ್ನಾಕ ಬರಂಗಿಲ್ಲ," ಎಂದು ಎದ್ದು ಒಳಗೆ ಹೋದರು.

ಎರಡು ಪುಟದ ಟಿಪ್ಪಣಿಯನ್ನು ಮುಖ್ಯಸ್ಥರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

"ಮೇಷ್ಟ್ರೇ, ಒಂದೇ ಕಂಠ ಅಂತ ಬರೆದೋರು ಯಾರು?"

"ನಾನೇ."

"ಕಣ್ಣೀರು ಹಾಕಿಸಿದೋರು?"

"ಅದೂ ನಾನೇ."

"ಇದು ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು. ಗೊತ್ತಾದ ಮೇಲೆ ನಾನು ಸುಮ್ಮನಿರೋ ಹಾಗಿಲ್ಲ." ಅವರು ತಪ್ಪು ಹೇಳಲಿಲ್ಲ. ಪ್ರಕಟಣೆ ನಿಂತಿತು, ಸನ್ಮಾನ ರದ್ದಾಯಿತು, ಸೋಮವಾರದ ಭಜನೆಯ ಜಾಗದಲ್ಲಿ ಬೇರೆ ಭಕ್ತಿಗೀತೆಗಳ ಮುದ್ರಣ ಬರತೊಡಗಿತು. ನಿಜ ಶ್ರಾವಣದ ಮೊದಲ ಸೋಮವಾರ ನಾನು ಮನೆಯಲ್ಲಿ ರೇಡಿಯೋ ಹಾಕಲಿಲ್ಲ.

ಸೆಪ್ಟೆಂಬರಿನಲ್ಲಿ ಧ್ವನಿಪರೀಕ್ಷೆ. ವಿಧಾನ ಹೀಗೆ: ಮುಂದಾಳು ಮೊದಲು ತನ್ನ ಹೆಸರು, ಊರು ಹೇಳಬೇಕು, ಆಮೇಲೆ ನಿಲ್ಲಿಸದೆ ನಾಲ್ಕು ಪದ ಹಾಡಬೇಕು. ಮುದ್ರಣವನ್ನು ತಿದ್ದುವಂತಿಲ್ಲ, ಇದ್ದದ್ದು ಇದ್ದ ಹಾಗೆ ಪರೀಕ್ಷಕರಿಗೆ ಹೋಗುತ್ತದೆ. ಅರ್ಜಿಯಲ್ಲಿ ಅವರ ಸ್ವಂತ ಹೆಸರನ್ನು ನಾನೇ ತುಂಬಿದ್ದೆ. ಎಂಟು ಜನ ಕುಳಿತರು. ತಂತ್ರಜ್ಞರು ತಾಳವನ್ನು ಮೈಕಿನಿಂದ ಒಂದು ಮಾರು ಹಿಂದೆ ಸರಿಸಿದರು, ಹಾರ್ಮೋನಿಯಂ ಕೆಳಗೆ ಕಂಬಳಿ ಹಾಸಿದರು. ಕೆಂಪು ದೀಪ ಹೊತ್ತಿತು. ಮುಂದಾಳು ಏಕತಾರಿಯನ್ನು ಎದೆಗೆ ಆನಿಸಿಕೊಂಡು, ಸ್ಪಷ್ಟವಾಗಿ, ಗಂಭೀರವಾಗಿ, ಹಳೆಯ ಹೆಸರನ್ನು ಹೇಳಿದರು.

ಗಾಜಿನ ಈಚೆಗೆ ನಾನು ಎದ್ದು ನಿಂತೆ. ಒಳಗೆ ಯಾರಿಗೂ ಏನೂ ಆದಂತೆ ತೋರಲಿಲ್ಲ. ನಾಲ್ಕೂ ಪದಗಳನ್ನು ಅವರು ಅಂದು ಹಾಡಿದ ಹಾಗೆ ನಾನು ಮುಂದೆಂದೂ ಕೇಳಿಲ್ಲ.

"ಏನು ಮಾಡಿದಿರಿ?" ಎಂದೆ, ಹೊರಗೆ ಬಂದ ಕೂಡಲೆ.

"ಏನು ಮಾಡಿದ್ನಿ? ಚೊಲೋ ಆಗಲಿಲ್ಲೇನು?" ತಾವು ಹೇಳಿದ್ದು ಅವರಿಗೆ ನೆನಪೇ ಇರಲಿಲ್ಲ.

ಮೂರು ವಾರಕ್ಕೆ ಉತ್ತರ ಬಂತು. ಅರ್ಜಿಯ ಹೆಸರಿಗೂ ಮುದ್ರಣದ ಹೆಸರಿಗೂ ಹೊಂದಾಣಿಕೆ ಇಲ್ಲ, ತಿರಸ್ಕೃತ, ಪರೀಕ್ಷೆಯ ದಿನದಿಂದ ಆರು ತಿಂಗಳ ನಂತರ ಅರ್ಜಿ ಸಲ್ಲಿಸಬಹುದು.

ಆ ಆರು ತಿಂಗಳನ್ನು ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ. ತಮ್ಮ ಗಿರಣಿಯಲ್ಲಿ ಸೋಮವಾರದ ಮೊದಲ ಚೀಲ ಭಜನೆ ಕೇಳಿಯೇ ಇಳಿಯುವುದಾಗಿ ಅಕ್ಕಿ ಗಿರಣಿಯ ಮಾಲಕರೊಬ್ಬರು ವಾರವಾರವೂ ಫೋನು ಮಾಡಿ ಕಾರಣ ಕೇಳಿದರು. ವಾರವಾರವೂ ಅದೇ ಕಾರಣ ಹೇಳಿದೆ. ದೇವದುರ್ಗದ ಬಸ್ಸಿನ ಕಂಡಕ್ಟರು ನನ್ನನ್ನು ಗುರುತು ಹಿಡಿದು, "ಭಜನಿ ಬಂದ್ ಮಾಡಿಸಿದ ಮಾಸ್ತರ್ರು ಬಂದಾರ ನೋಡ್ರಿ, ಜಾಗಾ ಬಿಡ್ರಿ, ಇಲ್ಲಾಂದ್ರ ಬಸ್ಸೂ ಬಂದ್ ಮಾಡಸ್ತಾರ!" ಎಂದು ಕೂಗಿದ. ಬಸ್ಸೆಲ್ಲ ನಕ್ಕಿತು. ಜಾಗವನ್ನೇನೋ ಬಿಟ್ಟರು. ಮುಖ್ಯಸ್ಥರು ನನ್ನೊಡನೆ ಕೆಲಸದ ಮಾತಷ್ಟೇ ಆಡುತ್ತಿದ್ದರು. ನನ್ನ ಸಿಟ್ಟೆಲ್ಲ ಗಬ್ಬೂರಿನ ಆ ಮನುಷ್ಯನ ಮೇಲೆ. ತನ್ನ ತಾಯಿತಂದೆ ಇಟ್ಟ ಹೆಸರನ್ನು ಒಂದು ಸಲ ಉಚ್ಚರಿಸುವುದು ಅಷ್ಟು ಕಷ್ಟವೇ? ಅದರಲ್ಲಿ ಒಂದು ಒತ್ತಕ್ಷರವೂ ಇರಲಿಲ್ಲ.

ನನಗೆ ಗೊತ್ತಿದ್ದ ಅಭ್ಯಾಸ ಒಂದೇ. ತಿಂಗಳಿಗೆ ಎರಡು ಸಲ ಗಬ್ಬೂರಿಗೆ ಹೋಗಿ ಪಡಸಾಲೆಯಲ್ಲಿ ನಿಂತು ಹಾಜರಿ ಕರೆಯತೊಡಗಿದೆ. ಎಂಟು ಹೆಸರುಗಳು. ಏಳು ಜನ "ಹಾಜರ್ರೀ ಸರ" ಎಂದು ಮಕ್ಕಳಂತೆ ಕೂಗಿ ನಗುತ್ತಿದ್ದರು. ಮುಂದಾಳು ಒಮ್ಮೆ ಓಗೊಡುತ್ತಿದ್ದರು, ಒಮ್ಮೆ ಇಲ್ಲ. ಬೇಕೆಂದೇ ಹೀಗೆ ಮಾಡುತ್ತಾರೆಂದು ಡಿಸೆಂಬರಿನವರೆಗೆ ನಂಬಿದ್ದೆ. ಹಾಜರಿಯ ಪುಸ್ತಕದಲ್ಲಿ ಗುರುತು ಮಾಡುವುದು ನನ್ನ ಚಟ. ಒಂದು ದಿನ ಆ ಗುರುತುಗಳನ್ನು ನೋಡುತ್ತ ಕುಳಿತಾಗ ತಿಳಿಯಿತು. ಕೈ ಬರಿದಾಗಿದ್ದ ದಿನ ಓಗೊಟ್ಟಿದ್ದರು. ಏಕತಾರಿ ಕೈಯಲ್ಲಿದ್ದ ದಿನ ಅವರಿಗೆ ಅದು ಕೇಳಿಸಿಯೇ ಇರಲಿಲ್ಲ. ಅವರು ಮೊದಲ ದಿನವೇ ನನಗೆ ಅದನ್ನು ಹೇಳಿದ್ದರು. ನಾನು ಅದನ್ನು ಮಾತಿನ ಚಮತ್ಕಾರವೆಂದು ಬದಿಗಿಟ್ಟಿದ್ದೆ.

೨೦೨೪ರ ಮಾರ್ಚಿನಲ್ಲಿ ಎರಡನೆಯ ಧ್ವನಿಪರೀಕ್ಷೆ. ಎಲ್ಲರೂ ಕುಳಿತ ಮೇಲೆ ನಾನು ಒಳಗೆ ಹೋಗಿ, ಹೆಸರು ಹೇಳಿ ಮುಗಿಯುವವರೆಗೆ ಏಕತಾರಿಯನ್ನು ನನ್ನ ಕೈಗೆ ಕೊಡಿ ಎಂದೆ. ಅವರು ಹಿಂದಕ್ಕೆ ಸರಿದರು.

"ನಿಮ್ಮ ಕೈಗೆ ಬ್ಯಾಡ್ರಿ! ಕೈಗೆ ಕೊಟ್ರ ಆಮ್ಯಾಲ ನೀವ ಹಾಡಬೇಕಾಕೈತಿ."

"ಬ್ಯಾಡಪಾ, ಅವರ ಹಾಡಿದ್ರ ಪರೀಕ್ಷಾದಾಗ ಮತ್ತ ಫೇಲ್ ಆಕ್ಕೀವಿ," ಎಂದರು ತಾಳದವರು.

"ಕುರ್ಚಿಯ ಮೇಲೆ ಇಡುವಿರಾ?"

"ಕುರ್ಚಿ ಆದ್ರ ನಡೀತದ. ಅದಕ್ಕೇನು ಕೈ ಇಲ್ಲಲ್ಲ."

ಕುರ್ಚಿಯನ್ನು ತರಿಸಿ ಅವರ ಎಡಕ್ಕೆ ಇರಿಸಿದೆ. ಏಕತಾರಿ ಅದರ ಮೇಲೆ ಮಲಗಿತು. ಗಾಜಿನ ಈಚೆಗೆ ಬಂದು ನಿಂತೆ. ಕೆಂಪು ದೀಪ ಹೊತ್ತಿತು. ಬರಿಗೈಗಳನ್ನು ಏನು ಮಾಡಬೇಕೆಂದು ತಿಳಿಯದವರಂತೆ ಅವರು ತೊಡೆಯ ಮೇಲೆ ಊರಿಕೊಂಡರು. ಆಮೇಲೆ ತಮ್ಮ ಹೆಸರು ಹೇಳಿದರು, ರೇಷನ್ ಕಾರ್ಡಿನದು, ತಂದೆಯ ಹೆಸರೂ ಮನೆತನದ ಹೆಸರೂ ಸೇರಿಸಿ. ಊರು ಹೇಳಿದರು. ಅಷ್ಟಕ್ಕೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

"ನಾ ಮೂರನೇಯವ. ನನಗಿಂತ ಮೊದ್ಲ ಹಾಡಿದವ್ರು ಇವ್ರು," ಎಂದು ಎರಡನೆಯವರ ಸ್ವಂತ ಹೆಸರು ಹೇಳಿದರು. "ಅವ್ರಿಗಿಂತ ಮೊದ್ಲ ಇವ್ರು," ಎಂದು ಮೊದಲನೆಯವರದು. ಬಗ್ಗಿ ಏಕತಾ‌ರಿ ಎತ್ತಿಕೊಂಡು ತಂತಿ ಮೀಟಿದರು.

ವಿಧಾನದಲ್ಲಿ ಇಲ್ಲದ ಮಾತು. ಒಂದು ಹೆಸರು ತಪ್ಪಿದ್ದಕ್ಕೆ ತಿರಸ್ಕರಿಸಿದವರು ಎರಡು ಹೆಸರು ಹೆಚ್ಚಾದುದಕ್ಕೆ ಸುಮ್ಮನಿರುವರೇ? ಆ ಭಯದಲ್ಲಿ ನಾನು ಹಾಡು ಕೇಳಲಿಲ್ಲ. ಏಪ್ರಿಲ್ ಕಳೆಯಿತು, ಮೇ ಕಳೆಯಿತು, ಉತ್ತರವಿಲ್ಲ. ಮೂರು ನೆನಪೋಲೆ ಬರೆದೆ. ಜೂನ್ ಎರಡನೆಯ ವಾರದಲ್ಲಿ ಒಂದು ಸಾಲಿನ ಪತ್ರ ಬಂತು: ಮಂಡಳಿಯನ್ನು ಅನುಮೋದಿಸಲಾಗಿದೆ. ಮುಖ್ಯಸ್ಥರು ಪತ್ರವನ್ನು ನನ್ನ ಮೇಜಿನ ಮೇಲೆ ತಾವೇ ತಂದಿಟ್ಟು, "ತೊಗೊಳ್ಳಿ ಮೇಷ್ಟ್ರೇ, ಇದರಲ್ಲಿ ತಿದ್ದೋಕೆ ಏನೂ ಇಲ್ಲ," ಎಂದರು.

ವಿಶೇಷ ಕಾರ್ಯಕ್ರಮ ಆಗಲೇ ಇಲ್ಲ. ಅದಕ್ಕೆ ಕಾದಿರಿಸಿದ್ದ ಗಂಟೆಯಲ್ಲಿ ಬೇರೇನೋ ಬಂದು ಹೋಗಿತ್ತು. ನಲವತ್ತೊಂದು ಪುಟಗಳಲ್ಲಿ ನನಗೆ ಉಳಿದದ್ದು ಒಂದು ವಾಕ್ಯ, ಉದ್ಘೋಷಕಿ ಭಜನೆಯ ಮೊದಲೂ ಕೊನೆಗೂ ಓದಬೇಕಾದದ್ದು. ಅದರಲ್ಲಿ ಮೂರು ಹೆಸರು, ಮೂರು ಕಾಲಾವಧಿ, ಒಂದು ಕ್ರಿಯಾಪದ. ಅದನ್ನು ಕರ್ತರಿ ಪ್ರಯೋಗದಲ್ಲೇ ಬರೆದೆ. ಬಾಗಲವಾಡಕ್ಕೆ ಫೋನು ಮಾಡಿ ದಿನ ತಿಳಿಸಿದ್ದೆ.

ಆ ಸೋಮವಾರ ಬೆಳಿಗ್ಗೆ ಆರೂವರೆಗೆ ಉದ್ಘೋಷಕಿಯ ಪಕ್ಕದಲ್ಲೇ ನಿಂತು, ಆಕೆಯ ತುಟಿಗಳನ್ನು ನೋಡುತ್ತ, ಮೂರು ಹೆಸರುಗಳನ್ನೂ ಕೇಳಿಸಿಕೊಂಡೆ. ಹೊರಗೆ ಬರುವಷ್ಟರಲ್ಲಿ ನನ್ನ ಫೋನು ಮೊಳಗಿತು, ಬಾಗಲವಾಡದಿಂದ. ಅತ್ತಲಿಂದ ಮೊದಲ ಪದ ಕೇಳುತ್ತಿತ್ತು.

"ಪಾತ್ರಿ ಬಿತ್ರಿ, ಸದ್ದಾತು, ಅರ್ಧ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಸ್ರಿ."

ನಡುವೆ ಹೇಳಿಸಲು ಬರುವುದಿಲ್ಲ, ಮುಗಿಯುವಾಗ ಇನ್ನೊಮ್ಮೆ ಹೇಳುತ್ತಾರೆ ಎಂದೆ.

"ಹಂಗಾರ ಇಡ್ರಿ ಫೋನ್. ಕುಂತೀನಿ."

ಇಪ್ಪತ್ತೆಂಟನೆಯ ನಿಮಿಷಕ್ಕೆ ಉದ್ಘೋಷಕಿ ಇನ್ನೊಮ್ಮೆ ಓದಿದರು, ಅದರ ಹಿಂದೆಯೇ ಏಳು ಗಂಟೆಯ ಪಿಪ್ ಬಂತು. ದಿನಚರಿ ಪುಸ್ತಕ ತೆರೆದು, "ಭಜನೆ, ಗಬ್ಬೂರು, ೨೯ ನಿ." ಎಂಬುದರ ಮುಂದೆ ಮೂವರ ಹೆಸರನ್ನೂ ಬರೆದು, ಎದುರಿಗೆ ತಾರೀಖು ಹಾಕಿದೆ: ೨೦೨೪ನೆಯ ಇಸವಿ ಜೂನ್ ೨೪.